ಪ್ಯಾಂಟಿನ ತುಂಡುಗಳ ದಿಂಬು

ಮೊದಲು ಅದು ಬರೀ ಸೊಂಟನೋವು. ನನ್ನ ಹೆಂಡತಿ ರತ್ನ ನೀರಿನ ಕೊಡ ಇಳಿಸಿ ಸೊಂಟ ಹಿಡಿದುಕೊಂಡಳು. ನಾನು ಎಣ್ಣೆ ತಿಕ್ಕಿದೆ. ಎರಡು ತಿಂಗಳು ತಿಕ್ಕಿದೆ. ಒಂದು ಬೆಳಿಗ್ಗೆ ಅವಳು ಏಳಲು ಹೋದಳು, ಕಾಲು ಮಾತು ಕೇಳಲಿಲ್ಲ.

ಬೆನ್ನುಮೂಳೆಗೆ ಟಿ.ಬಿ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಹಾಗೆಂದರು. ಟಿ.ಬಿ. ಅಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದ ನಾನು, ಇವಳು ಒಂದು ದಿನವೂ ಕೆಮ್ಮಿಲ್ಲವಲ್ಲ ಎಂದು ಅವರ ಜೊತೆ ವಾದಕ್ಕೆ ನಿಂತೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ ಇಂಜೆಕ್ಷನ್, ಮಾತ್ರೆ, ಕಂಪ್ಲೀಟ್ ಬೆಡ್‌ರೆಸ್ಟ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒತ್ತಿದ ಕಡೆ ಹುಣ್ಣೆದ್ದು ಬೆಡ್‌ಸೋರ್ ಆಗುತ್ತದೆ, ಅದು ಮೂಳೆಗೆ ಇಳಿದರೆ ಉಳಿಸುವುದು ಕಷ್ಟ ಎಂದರು.

ನಾನು ಶಿರಾ ಗೇಟಿನ ಬಳಿ ಪ್ಯಾಂಟು, ಸಫಾರಿ ಹೊಲಿಯುವವನು. ಅಂಗಡಿ ಮುಚ್ಚಿ ಮೆಷಿನ್ ಮನೆಗೆ ತಂದೆ. ನಮಗೆ ಮಕ್ಕಳಿಲ್ಲ. ನಿಟ್ಟೂರಿನಿಂದ ರತ್ನಳ ತಾಯಿ ಬಂದು ಒಂದು ತಿಂಗಳಿದ್ದರು. ಅವರ ಮೊಣಕಾಲೇ ನೆಟ್ಟಗಿರಲಿಲ್ಲ, ವಾಪಸ್ ಕಳಿಸಿದೆ. ಆಮೇಲೆ ಅನ್ನ, ಸಾರು, ಬೆಡ್‌ಪ್ಯಾನ್, ಒಗೆತ, ಗಿರಾಕಿಗಳ ಕಿರಿಕಿರಿ, ಎಲ್ಲಕ್ಕೂ ನಾನೊಬ್ಬನೇ. ಒಲೆ ಮುಂದೆ ನಿಂತಲ್ಲೇ ತೂಕಡಿಸಿದ್ದೇನೆ. ಒಮ್ಮೊಮ್ಮೆ ಅವಳು ಕರೆದರೆ ಕೇಳಿಸದವನ ಹಾಗೆ ಒಂದು ನಿಮಿಷ ಕೂತಿದ್ದೂ ಉಂಟು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಮನೆಯಲ್ಲಿದ್ದ ದಿಂಬಿನ ಹತ್ತಿ ಗಂಟುಗಂಟಾಗಿತ್ತು. ಅವಳ ಸೊಂಟದ ಕೆಳಗಿಡಲು ಹೊಸದೊಂದು ಹೊಲಿಯಲು ಕೂತೆ. ಗೋಣಿಚೀಲದ ತುಂಬ ಉಳಿದ ಬಟ್ಟೆಯ ತುಂಡುಗಳಿದ್ದವು. ಬೂದು ಟೆರಿಲಿನ್, ಕಂದು ಚೌಕಳಿ, ಯಾರದೋ ಮದುವೆ ಸೂಟಿನ ನೀಲಿ. ದಿನವಿಡೀ ಸುಣ್ಣದ ಗೋಡೆ ನೋಡುವವಳಿಗೆ ಒಂದಿಷ್ಟು ಬಣ್ಣ ಕಾಣಲಿ ಎಂದು ಎಲ್ಲವನ್ನೂ ಅಂಗೈಯಗಲ ಕತ್ತರಿಸಿ ಕೂಡಿಸಿದೆ. ನಡುವೆ ಎಂಟು ಮೂಲೆಯ ನಕ್ಷತ್ರ. ಬಿಚ್ಚಬಾರದೆಂದು ಪ್ಯಾಂಟಿನ ಸೀಟಿಗೆ ಹಾಕುವ ಹಾಗೆ ಪ್ರತಿ ಅಂಚನ್ನೂ ಮಡಿಸಿ ಎರಡೆರಡು ಹೊಲಿಗೆ ಹಾಕಿದೆ. ಹುಡುಗನಾಗಿದ್ದಾಗಿನಿಂದ ಕೈ ಕಲಿತದ್ದು ಅದೇ.

ನೋಡಲು ಬಂದವರಿಗೆಲ್ಲ ಅವಳನ್ನು ಪಕ್ಕಕ್ಕೆ ಸರಿಸಿ ದಿಂಬು ಎಳೆದು ತೋರಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಹದಿನೈದು ದಿನ ಕಳೆದಿರಬೇಕು. ದಿನಾ ಮನೆಗೆ ಬಂದು ತೋಳಿಗೆ ಇಂಜೆಕ್ಷನ್ ಚುಚ್ಚುತ್ತಿದ್ದ ಸಿಸ್ಟರ್, ತೋಳು ಊದಿದೆ, ಇವತ್ತು ಸೊಂಟಕ್ಕೆ ಕೊಡೋಣ ಎಂದು ಅವಳನ್ನು ಮಗ್ಗುಲಾಗಿಸಿದರು. ಹಾಗೇ ನಿಂತರು. ನನ್ನನ್ನು ಕರೆದರು.

ಸೊಂಟದ ಮೇಲೆ ನನ್ನ ಹೊಲಿಗೆ ಅಚ್ಚಾಗಿತ್ತು.

ಚೌಕಚೌಕವಾಗಿ, ಕೆಂಪಗೆ. ನಕ್ಷತ್ರದ ಎಂಟು ತುದಿಗಳು ಸೇರಿ ದಪ್ಪಗಾದ ಜಾಗ ಒತ್ತಿ, ಅಲ್ಲಿ ಚರ್ಮ ಕಿತ್ತು ನೀರು ಒಸರುತ್ತಿತ್ತು. ಕೆಲವು ದಿನಗಳಿಂದ ಮೈ ಒರೆಸುವಾಗ ಸೊಂಟದ ಕಡೆ ತಾನೇ ಒರೆಸಿಕೊಳ್ಳುತ್ತೇನೆಂದು ಬಟ್ಟೆ ಇಸಿದುಕೊಳ್ಳುತ್ತಿದ್ದಳು. ಸಂಕೋಚ ಎಂದುಕೊಂಡಿದ್ದೆ.

"ನೋವಾಗ್ಲಿಲ್ವಾ ನಿನ್ಗೆ?"

"ಆಗ್ತಿತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಬಂದೋರ್ಗೆಲ್ಲ ತೋರುಸ್ತಿದ್ರಿ. ಇಷ್ಟು ದಿನದಾಗೆ ನೀವು ನಗ್‌ನಗ್ತಾ ಮಾಡಿದ್ದು ಅದೊಂದೇ ಕಣ್ರೀ. ಹೆಂಗ್ ಹೇಳ್ಲಿ?"

ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವಳ ಮೇಲೆ ಸಿಟ್ಟೂ ಬಂದಿತ್ತು.

ಅವತ್ತೇ ಆ ಕವರ್ ಕಿತ್ತು ಗೋಣಿಚೀಲಕ್ಕೆ ಎಸೆದೆ. ಒಗೆದೊಗೆದು ಮೆತ್ತಗಾದ ಅವಳದೇ ವಾಯಿಲ್ ಸೀರೆಯಿಂದ ಬೇರೆ ಹೊಲಿದೆ. ಒಂದೇ ತುಂಡು, ನಡುವೆ ಒಂದು ಹೊಲಿಗೆಯೂ ಇಲ್ಲ. ದಿನಾ ಡ್ರೆಸ್ಸಿಂಗ್ ಆಯಿತು. ಸಿಸ್ಟರ್ ಪಟ್ಟಿ ಬಿಚ್ಚುವಾಗಲೆಲ್ಲ ಅವರ ಮುಖ ನೋಡುತ್ತಿದ್ದೆ, ಗಾಯ ನೋಡುವ ಧೈರ್ಯವಿರಲಿಲ್ಲ. ಎರಡು ತಿಂಗಳಾಯಿತು ಒಣಗಲು. ಮೂಳೆಗೆ ಇಳಿಯಲಿಲ್ಲ. ಅಷ್ಟೇ ದೊಡ್ಡದು.

ಈಗ ಅವಳು ಗೋಡೆಗೆ ಒರಗಿ ಅರ್ಧ ಗಂಟೆ ಕೂರುತ್ತಾಳೆ. ಎಡಗಾಲಿನ ಬೆರಳುಗಳು ಆಡುತ್ತವೆ. ನಡೆಯುತ್ತಾಳಾ ಎಂದು ಕೇಳಿದರೆ ಡಾಕ್ಟರು ನೋಡೋಣ ಎನ್ನುತ್ತಾರೆ. ಮೊದಲು ಅಷ್ಟನ್ನೂ ಹೇಳುತ್ತಿರಲಿಲ್ಲ.

ಮೊನ್ನೆ ಆ ಹಳೆಯ ಕವರ್ ಏನಾಯಿತು ಎಂದು ಕೇಳಿದಳು. ಚೀಲದಲ್ಲೇ ಇದೆ ಎಂದೆ.

"ಹತ್ತಿ ತುಂಬಿ ನಿಮ್ ಸ್ಟೂಲ್ ಮೇಲೆ ಹಾಕ್ಕಳಿ. ಎಲ್ಲಿ ಒತ್ತುತ್ತೆ ಅಂತ ನಿಮ್ಗೂ ಗೊತ್ತಾಗ್ಲಿ."

ಹಾಕಿಕೊಂಡಿದ್ದೇನೆ. ಎರಡು ಗಂಟೆ ಹೊಲಿಯುವಷ್ಟರಲ್ಲಿ ನಡುವಿನ ನಕ್ಷತ್ರ ಒತ್ತತೊಡಗುತ್ತದೆ. ಈಗ ಗಡಿಯಾರ ನೋಡುವುದಿಲ್ಲ. ಮೆಷಿನ್ ನಿಲ್ಲಿಸಿ ಒಳಗೆ ಹೋಗಿ ಅವಳ ಮಗ್ಗುಲು ಬದಲಿಸುತ್ತೇನೆ.