ಒಂದು ಹನಿಯೂ ಇಳಿಯದ ಹೊದಿಕೆ

ತಾಳ್ಯದ ಸಣ್ಣತಿಮ್ಮಪ್ಪ ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನ ಎದುರು ಮೂವತ್ತು ವರ್ಷದಿಂದ ಟಾರ್ಪಾಲು ಹೊಲಿಯುತ್ತಿದ್ದಾನೆ. ಮೊದಲು ಎತ್ತಿನಗಾಡಿಗೆ ಹೊಲಿದ, ಆಮೇಲೆ ಲಾರಿಗೆ, ಈಗ ಹೆಚ್ಚಾಗಿ ಪಿಕಪ್ಪುಗಳಿಗೆ. ಯಾರ ಕೈಕೆಳಗೂ ಕಲಿತವನಲ್ಲ. ಹೊಸ ಹೊದಿಕೆ ಬಿಗಿದ ಮೇಲೆ ಖಾಲಿ ಗಾಡಿಯೊಳಗೆ ತಾನೇ ನುಸುಳಿ ಕೂರುತ್ತಾನೆ. ಹೆಂಡತಿ ಏಕಾಂತಮ್ಮ ಮೇಲಿನಿಂದ ಹತ್ತು ಕೊಡ ನೀರು ಸುರಿಯಬೇಕು. ಅಂಗಿ ಒಣಗಿದ್ದರಷ್ಟೇ ಗಾಡಿ ಬಿಡುವುದು. ಒಂದು ಹನಿ ಇಳಿದರೂ ಸೂಜಿ ಕೆಳಗಿಡುತ್ತೇನೆಂದು ಊರೆಲ್ಲ ಹೇಳಿಕೊಂಡಿದ್ದ.

ಹೋದ ವರ್ಷ ಹಿಂಗಾರಿನಲ್ಲಿ ಆ ಮಾತಿಗೆ ಕುತ್ತು ಬಂತು. ಪಿಕಪ್ ಓಡಿಸುವ ಪರಮೇಶ ಭೀಮಸಮುದ್ರದಿಂದ ಅಡಿಕೆ ತಂದಿದ್ದ. ದಾರಿಯಲ್ಲಿ ಮಳೆ ಹನಿದಿತ್ತು. ಹೊದಿಕೆ ಬಿಚ್ಚಿದರೆ ಮೇಲಿನ ಚೀಲಗಳೆಲ್ಲ ತೇವ. ಸಾವುಕಾರ ಮಾಲು ಇಳಿಸಿಕೊಳ್ಳದೆ ವಾಪಸು ಕಳಿಸಿದ. ಪರಮೇಶ ನೇರ ಸಣ್ಣತಿಮ್ಮಪ್ಪನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಹಮಾಲರೆಲ್ಲ ಕೇಳುವಂತೆ ಅಂದ:

"ಏನ್ ತಿಮ್ಮಪ್ಪಣ್ಣ, ಸೂಜಿ ಕೆಳಗಿಡೋ ಟೈಮ್ ಬಂತಲ್ಲ. ನಿನ್ ಟಾರ್ಪಾಲಿಗಿಂತ ನಮ್ಮವ್ವನ ಜರಡಿ ವಾಸಿ ಐತೆ."

ಸಣ್ಣತಿಮ್ಮಪ್ಪ ಜಗಳಕ್ಕೆ ಹೋಗಲಿಲ್ಲ. ಚೀಲ ಇಳಿಸಿ, ಹೊದಿಕೆ ಬಿಗಿಸಿ, ಒಳಗೆ ಕೂತು ಇಪ್ಪತ್ತು ಕೊಡ ನೀರು ಸುರಿಸಿದ. ಅಂಗಿಗೆ ಒಂದು ತೊಟ್ಟೂ ತಾಗಲಿಲ್ಲ. ಹಮಾಲರು ಪರಮೇಶನ ಕಡೆ ನೋಡಿ ನಕ್ಕರು. ಅಲ್ಲಿಗೆ ಗೆದ್ದೆನೆಂದು ಎದ್ದು ಹೋಗಬಹುದಿತ್ತು. ಆದರೆ ಒದ್ದೆ ಚೀಲಗಳು ಕಣ್ಣೆದುರೇ ಬಿದ್ದಿದ್ದವು. ನೀರು ಎಲ್ಲಿಂದಲೋ ಬಂದಿತ್ತಲ್ಲ.

ಚೀಲಗಳನ್ನು ಮತ್ತೆ ಏರಿಸಲು ಹೇಳಿ, ಅವುಗಳ ಮೇಲೆ ಮೈಚಾಚಿ ಹೊದಿಕೆ ಮುಚ್ಚಿಸಿಕೊಂಡ. ಬಿಸಿಲಲ್ಲಿ ಒಂದು ತಾಸು ಹಾಗೇ ಇದ್ದ. ಒಳಗೆ ಹಬೆಯಾಡಿತು. ಚೀಲದೊಳಗೆ ಕೈ ತೂರಿಸಿದರೆ ಅಡಿಕೆ ಬೆಚ್ಚಗಿತ್ತು, ತೇವವಾಗಿತ್ತು. ಮಳೆಗೆ ಹೆದರಿ ಅರೆಬರೆ ಒಣಗಿದ್ದನ್ನೇ ತುಂಬಿದ್ದರು. ಏಕಾಂತಮ್ಮ ಮೇಲೆ ತಣ್ಣೀರು ಸುರಿದಾಗ ಹೊದಿಕೆಯ ಒಳಮೈ ಬೆವರಿತು. ಹನಿ ಕಟ್ಟಿದ್ದು ಹೊಲಿಗೆಯ ಹತ್ತಿರವಲ್ಲ, ಬಟ್ಟೆಯ ನಟ್ಟನಡುವೆ. ಅವು ಒಂದೊಂದಾಗಿ ಅವನ ಹಣೆಗೂ ಚೀಲಕ್ಕೂ ತೊಟ್ಟಿಕ್ಕಿದವು.

ಹೊರಗೆ ಬಂದಾಗ ಅಂಗಿ ಮೈಗೆ ಅಂಟಿತ್ತು. ಅಡಿಕೆ ಒಣಗಿಸಿದವರನ್ನು ಬೈದು ತಪ್ಪಿಸಿಕೊಳ್ಳುತ್ತಾನೆಂದು ಎಲ್ಲರೂ ಕಾದರು.

"ಇಷ್ಟು ವರ್ಷ ಖಾಲಿ ಗಾಡಿಯಾಗೆ ಕುಂತ್ಕಂಡು ನೋಡ್ದೆ," ಅಂದ. "ಮಾಲಿನ ಜತಿಗೆ ಒಂದಿನಾನೂ ಕುಂತಿರ್ಲಿಲ್ಲ. ಒಳಗಿನ ನೀರು ಹೊರಗೆ ಹೋಗಾಕೆ ನಾನು ದಾರೀನೇ ಬಿಟ್ಟಿಲ್ಲ ಕಣೋ ಪರಮೇಶ. ನಂಗೆ ಗೊತ್ತಿರ್ಲಿಲ್ಲ."

ಆಮೇಲೆ ಕತ್ತರಿ ತಂದು, ತಾನೇ ಹೊಲಿದ ಹೊದಿಕೆಯ ಹಿಂಬದಿಯಲ್ಲಿ ಅಂಗೈಯಗಲದ ಎರಡು ಕಿಂಡಿ ಕೊರೆದ. ಮಳೆ ನುಗ್ಗದಂತೆ ಅವುಗಳ ಮೇಲೆ ಬಟ್ಟೆಯ ಪಟ್ಟಿಯೊಂದನ್ನು ಇಳಿಬಿಟ್ಟ. ಪರಮೇಶ ಬಾಯಿಬಿಟ್ಟು ನೋಡುತ್ತಿದ್ದ. ಸಾವುಕಾರನ ಹತ್ತಿರಕ್ಕೂ ತಾನೇ ನಡೆದು ಹೋಗಿ, ತಪ್ಪು ಗಾಡಿಯವನದಲ್ಲ ಎಂದು ಹೇಳಿ ಬಂದ.

ಈಗ ಗಿರಾಕಿ ಬಂದರೆ ಮೊದಲು ಏನು ಹೇರುತ್ತೀರಿ ಎಂದು ಕೇಳುತ್ತಾನೆ. ಸಿಮೆಂಟು ಅಂದರೆ ಬಿಗಿಯಾಗಿ ಹೊಲಿಯುತ್ತಾನೆ. ಅಡಿಕೆ ಅಂದರೆ ಕಿಂಡಿ ಬಿಡುತ್ತಾನೆ. ಎರಚಲು ಮಳೆಗೆ ನಾಲ್ಕು ಹನಿ ಬಿದ್ದಾವೆಂದು ಮೊದಲೇ ತಿಳಿಸುತ್ತಾನೆ. ಅದನ್ನು ಹೇಳುವಾಗ ಅವನಿಗೆ ಇನ್ನೂ ಕೊಂಚ ನಾಲಿಗೆ ತೊಡರುತ್ತದೆ.