ಮೂಡು ಬದಿಯ ಹೊಗೆ

ವಿಷ್ಣುಮೂರ್ತಿಯವರ ಬಾಯಿಗೆ ಎಡ, ಬಲ ಎಂಬ ಮಾತು ಬರುತ್ತಲೇ ಇರಲಿಲ್ಲ. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಯಾರದೋ ಹೋಟೆಲಿನ ಇಡ್ಲಿ ಒಲೆಯ ಮುಂದೆ ಬೆಂದು, ವೆಸ್ಟ್ ಮಾಂಬಲಂನಲ್ಲಿ ಸ್ವಂತದ್ದೊಂದು ಟಿಫಿನ್ ಹೋಟೆಲು ಕಟ್ಟಿ, ಈಗ ಅದನ್ನು ಮಗ ಮಿಥುನನಿಗೆ ಬಿಟ್ಟುಕೊಟ್ಟು ಕುಳಿತವರು. ಗಿರಾಕಿಗಳ ಜೊತೆ ಅವರಾಡುವ ತಮಿಳು ಕೇಳಿದರೆ ಹೊರಗಿನವರೆಂದು ಯಾರೂ ಹೇಳರು. ಮನೆಯವರ ಜೊತೆ ಮಾತ್ರ ಊರಿನ ಲೆಕ್ಕವೇ ಲೆಕ್ಕ. ಪೂರ್ವ ಎಂದರೆ ಮೂಡು, ಪಶ್ಚಿಮ ಎಂದರೆ ಪಡು. ಕನ್ನಡಕ ಎಲ್ಲಿ ಎಂದರೆ "ಮೇಜಿನ ಪಡು ಬದಿಗಿತ್ತ್" ಎನ್ನುವರು. ಈ ಮನುಷ್ಯ ಮಗ್ಗುಲು ಬದಲಿಸುವಾಗಲೂ ದಿಕ್ಕು ನೋಡುತ್ತಾರೆ ಎಂದು ಹೆಂಡತಿ ಬೇಬಿಯಮ್ಮ ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದ್ದೇ ಬಂತು. ಆ ಮಾತು ಒಂದು ಜೀವಕ್ಕೆ ಸಂಚಕಾರ ತರುತ್ತದೆಂದು ಯಾರು ಕಂಡಿದ್ದರು?

ಎಲ್ಲಕ್ಕೂ ಮೂಲ ಆ ಹಳೇ ಕ್ಯಾರವಾನ್. ಅರ್ಧ ಬಸ್ಸು, ಅರ್ಧ ಮನೆ. ಹಿಂದೊಂದು ಕಾಲದಲ್ಲಿ ಯಾವುದೋ ಸಿನಿಮಾ ಕಂಪನಿ ಹೊರಗಡೆಯ ಶೂಟಿಂಗಿಗೆಂದು ಲಾರಿಯ ಚಾಸಿಸ್ ಮೇಲೆ ತೇಗದ ಚೌಕಟ್ಟು ಕೂರಿಸಿ, ಅಲ್ಯೂಮಿನಿಯಂ ತಗಡು ಹೊದಿಸಿ ಕಟ್ಟಿಸಿದ್ದು. ಒಳಗೆ ಮಂಚ, ಒಲೆ, ಬೇಸಿನ್ನು ಎಲ್ಲ ಇತ್ತು. ಮಾಧವರಂನ ಶೆಡ್ಡೊಂದರ ಹಿಂದೆ ಅದು ಅನಾಥವಾಗಿ ನಿಂತಿದ್ದನ್ನು ಕಂಡು ವಿಷ್ಣುಮೂರ್ತಿಯವರು ಮರುಳಾಗಿ ಕೊಂಡುಬಿಟ್ಟರು, ನಿಲ್ಲಿಸಲು ಅದೇ ಜಾಗವನ್ನು ಉಳಿಸಿಕೊಂಡರು. ಬೇಬಿಯಮ್ಮನಿಗೆ ಉಬ್ಬಸ. ರೈಲು, ಬಸ್ಸು ಯಾವುದೂ ಒಗ್ಗದೆ ತವರಿನ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಮನೆಯಲ್ಲೇ ಮಲಗಿದ ಹಾಗೆ ಮಲಗಿಸಿಕೊಂಡು ಕುಂದಾಪುರಕ್ಕೆ ಕರೆದೊಯ್ಯುತ್ತೇನೆ ಎಂದು ಇವರು ಹಟ ಹಿಡಿದರು.

ಮೊದಲ ಓಡಾಟದಲ್ಲೇ ಗಾಡಿಯ ಬಣ್ಣ ಬಯಲಾಯಿತು. ರೆಡ್ ಹಿಲ್ಸ್ ದಾಟುವಷ್ಟರಲ್ಲಿ ತಗಡಿನ ಸಂದುಗೊಂದುಗಳಿಂದ ಗಾಳಿ ನುಗ್ಗಿತು, ಗಾಳಿಯ ಹಿಂದೆಯೇ ಧೂಳು. ಬೇಬಿಯಮ್ಮ ಉಸಿರಿಗಾಗಿ ಬಾಯಿ ಬಾಯಿ ಬಿಡತೊಡಗಿದರು. ಹೆದರಿ ಗಾಡಿ ತಿರುಗಿಸಿದರು. ಅಂದಿನಿಂದ ವಿಷ್ಣುಮೂರ್ತಿಯವರಿಗೆ ಒಂದೇ ಹುಚ್ಚು. ಕಿಟಕಿಗಳ ಸೆಟೆದುಹೋದ ರಬ್ಬರು ಕಿತ್ತು ಹೊಸದು ಹಾಕಿದರು, ತಗಡಿನ ಜೋಡಣೆಗಳಿಗೆಲ್ಲ ಸಿಲಿಕಾನ್ ಮೆತ್ತಿದರು, ಬಾಗಿಲಿನ ಸುತ್ತ ದಪ್ಪ ರಬ್ಬರು ಪಟ್ಟಿ ಅಂಟಿಸಿದರು. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ ಹಬೆ ಹಿಡಿದವನಿಗೆ ಇದೇನು ಮಹಾ ಎಂಬ ಧಿಮಾಕು ಬೇರೆ.

ಆದರೂ ಎಲ್ಲೋ ಸೋರುತ್ತಿತ್ತು. ಅದನ್ನು ಹಿಡಿಯಲು ಒಂದು ಉಪಾಯ ಹೊಳೆಯಿತು. ಗಾಡಿಯೊಳಗೆ ಸಾಂಬ್ರಾಣಿ ಹಾಕುವುದು, ಹೊಗೆ ಎಲ್ಲಿಂದ ಹೊರಗೆ ಬರುತ್ತದೋ ಅಲ್ಲೇ ಬಿರುಕು. ಹೊರಗಿದ್ದವರು ಜಾಗ ಕೂಗಿ ಹೇಳಬೇಕು, ಒಳಗಿದ್ದವರು ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು.

ಆ ಭಾನುವಾರ ಬೆಳಿಗ್ಗೆ ಸೊಸೆ ಮಧುರಾ ಅತ್ತೆ ಮಾವನ ಜೊತೆ ಶೆಡ್ಡಿಗೆ ಬಂದಿದ್ದಳು. ಪೆರಂಬೂರಿನ ರೈಲ್ವೆ ಮನೆತನದ ಹುಡುಗಿ. ಮನೆಮಾತು ಮೈಸೂರು ಕಡೆಯ ಕನ್ನಡ, ಓದಿದ್ದೆಲ್ಲ ತಮಿಳು. ಮದುವೆಯಾದ ಹೊಸತು, ಗಿಂಡಿಯಲ್ಲಿ ಬೇರೆ ಬಿಡಾರ. ಮಾವನ ಮಾತಿನ ವರಸೆ ಇನ್ನೂ ಕಿವಿಗೆ ಬಿದ್ದಿರಲಿಲ್ಲ.

"ನಾನು ಉಳ್ಳೆ ಇರ್ತೀನಿ ಮಾವ, ನೀವು ವೆಳಿಯೆ ನಿಂತು ನೋಡಿ" ಎಂದು ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಒಳಗೆ ಹೋದಳು.

"ಈ ಕಂಡಿ ತೆರ್ದೇ ಇರ್ಲಿ ಮಗಾ, ಉಸ್ರಿಗೆ ಬೇಕ್" ಎಂದು ವಿಷ್ಣುಮೂರ್ತಿಯವರು ಚಾವಣಿಯ ಗಾಳಿಕಿಂಡಿಯನ್ನು ತೋರಿಸಿದರು. ಹೋಟೆಲಿನವರ ಕೈ ಧಾರಾಳ. ಬಾಣಲೆಯ ತುಂಬ ಕೆಂಡ ತುಂಬಿ, ಸಾಂಬ್ರಾಣಿಯನ್ನು ಹಿಡಿ ಹಿಡಿ ಎರಚಿ ಕೆಳಗಿಳಿದರು. ಬಾಗಿಲನ್ನು ಚಿಲಕ ಹಾಕದೆ ಸುಮ್ಮನೆ ಎಳೆದುಕೊಂಡರು.

ತುಸು ಹೊತ್ತಿಗೆ ಪೂರ್ವದ ಬದಿಯ ತಗಡಿನ ಅಂಚಿನಲ್ಲಿ ಸಣ್ಣಗೆ ಹೊಗೆ ಕಾಣಿಸಿಕೊಂಡಿತು. ಕಳ್ಳ ಸಿಕ್ಕಿಬಿದ್ದನೆಂದು ಅವರಿಗೆ ಖುಷಿಯೋ ಖುಷಿ.

"ಮೂಡು! ಮಧುರಾ, ಮೂಡು!"

"ಸರಿ ಮಾವ!" ಎಂದಿತು ಒಳಗಿನ ದನಿ. ಏನೋ ದಡ್ಡೆಂದು ಬಿದ್ದ ಸದ್ದು. ಹೊಗೆ ಇನ್ನೂ ದಟ್ಟವಾಗಿ ಬರತೊಡಗಿತು.

"ಮೂಡು! ಚೆಂದ ಮಾಡಿ ಕಾಣ್, ಮೂಡು!"

ಒಳಗೆ ಕೆಮ್ಮು, ಚಿಲಕ ಸರಿದ ಸದ್ದು, ಮತ್ತೆ ಕೆಮ್ಮು. ವಿಷ್ಣುಮೂರ್ತಿಯವರ ಕಣ್ಣೆಲ್ಲ ಆ ಬಿರುಕಿನ ಮೇಲೆ. ಮೂಡು, ಮೂಡು ಎಂದು ಕೂಗಿದ್ದೇ ಕೂಗಿದ್ದು.

ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಬೇಬಿಯಮ್ಮ ಥಟ್ಟನೆ ಎದ್ದು ನಿಂತರು. "ಹ್ವಾಯ್, ಇಲ್ ಕಾಣಿ. ಅವ್ಳ್ ಕೆಮ್ಮುದ್ ಕೇಂತಿಲ್ಲೆ ಅಲ್ದಾ?"

ಹೌದು, ಒಳಗಿನ ಕೆಮ್ಮು ನಿಂತೇ ಹೋಗಿತ್ತು. ವಿಷ್ಣುಮೂರ್ತಿಯವರು ಹೆಸರು ಹಿಡಿದು ಕೂಗುತ್ತ ಓಡಿದರು. ಬಾಗಿಲು ಎಳೆದರು, ಅಲುಗಲಿಲ್ಲ. ತಲೆಯೆತ್ತಿ ನೋಡಿದರೆ ಗಾಳಿಕಿಂಡಿಯೂ ಮುಚ್ಚಿದೆ! ಅಯ್ಯೋ, ಇದನ್ನು ಯಾರು ಮುಚ್ಚಿದರು? ಕಿಟಕಿಯ ಹೊಸ ರಬ್ಬರಿಗೆ ಉಗುರು ಹಾಕಿ ಜಗ್ಗಿದರು. ಅಷ್ಟು ಪ್ರೀತಿಯಿಂದ ಕೂರಿಸಿದ ರಬ್ಬರು ಜಪ್ಪಯ್ಯ ಅಂದರೂ ಬರಲೊಲ್ಲದು. ಜಾಕಿಯ ರಾಡು ತಂದು ಗಾಜಿಗೆ ಬಡಿದು, ಒಳಗೆ ಕೈ ತೂರಿಸಿ ಚಿಲಕ ತೆಗೆದರು. ಬಿಳಿ ಹೊಗೆ ಮುಖಕ್ಕೆ ರಾಚಿತು. ಮಧುರಾ ಮಂಚದ ಬುಡದಲ್ಲಿ ಮುದುಡಿ ಬಿದ್ದಿದ್ದಳು. ಮೂಗಿಗೆ ಕಟ್ಟಿದ್ದ ದುಪಟ್ಟಾ ಬಿಚ್ಚಿ ಬೇಸಿನ್ನಿನ ತೂತಿಗೂ ತುರುಕಿದ್ದಳು.

ಎತ್ತಿ ತಂದು ಬೇವಿನ ಕೆಳಗೆ ಮಲಗಿಸಿದರು. ಬೇಬಿಯಮ್ಮ ಕೆನ್ನೆ ತಟ್ಟಿದರು, ನೀರು ಚಿಮುಕಿಸಿದರು. ವಿಷ್ಣುಮೂರ್ತಿಯವರು ಹೆಗಲ ಟವೆಲು ಬೀಸಿ ಗಾಳಿ ಹಾಕಿದ್ದೇ ಹಾಕಿದ್ದು. ಕೈಯಿಂದ ರಕ್ತ ಸೋರುತ್ತಿದ್ದದ್ದೂ ಗೊತ್ತಾಗಲಿಲ್ಲ. ಕೊನೆಗೊಮ್ಮೆ ಹುಡುಗಿ ಕೆಮ್ಮಿ ಕಣ್ಣು ಬಿಟ್ಟಳು.

"ಯಾಕ್ ಮಗಾ ಎಲ್ಲಾ ಮುಚ್ಕಂಡೆ?" ಎಂದರು ವಿಷ್ಣುಮೂರ್ತಿಯವರು.

ಮಧುರಾ ಮಾವನನ್ನು ಪೆಚ್ಚಾಗಿ ನೋಡಿದಳು. "ನೀವೇ ತಾನೆ ಮಾವ ಮೂಡು ಮೂಡು ಅಂದ್ರಿ? ಕಿಂಡಿ ಮೂಡ್ದೆ, ಆಮೇಲೆ ಕದವು. ಆದ್ರೂ ಕೂಗ್ತಾನೇ ಇದ್ರಿ. ಇನ್ನೇನು ತೆರೆದಿದೆಯೋ ಅಂತ ಹುಡುಕ್ತಿದ್ದೆ."

ವಿಷ್ಣುಮೂರ್ತಿಯವರಿಗೆ ಸಿಡಿಲು ಬಡಿದಂತಾಯಿತು. ತಮಿಳಿನ ಮೂಡು! ಮುಚ್ಚು ಎಂಬ ಮಾತು! ಹೋಟೆಲಿನ ಶಟರ್ ಎಳೆಯುವ ಹೊತ್ತಿಗೆ ದಿನವೂ ಕೆಲಸದವರಿಗೆ ತಾವೇ ಹೇಳುತ್ತಿದ್ದ ಮಾತು. ಆ ಮೂಡು ಹೋಟೆಲಿನದು, ಈ ಮೂಡು ಮನೆಯದು. ಇಷ್ಟು ವರ್ಷ ಎರಡೂ ಒಂದೇ ನಾಲಿಗೆಯ ಮೇಲೆ ಇದ್ದವು, ಒಮ್ಮೆಯೂ ಮುಖಾಮುಖಿಯಾಗಿರಲಿಲ್ಲ. ಉಸಿರು ಕಟ್ಟುವಾಗಲೂ ಆ ಹುಡುಗಿ ಮಾವನ ಮಾತು ಮೀರಲಿಲ್ಲವಲ್ಲ!

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಮಲಗಿಸಿದರು. ಇನ್ನು ಭಯವಿಲ್ಲ ಎಂದರು ಡಾಕ್ಟರು. ವಿಷ್ಣುಮೂರ್ತಿಯವರು ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಬೇಬಿಯಮ್ಮ ಯಾವ ವಸ್ತು ಎಲ್ಲಿದೆ ಎಂದು ಕೇಳಿದರೂ ಬೆರಳು ತೋರಿಸುವರು, ದಿಕ್ಕಿನ ಹೆಸರು ಹೇಳರು.

ಸಂಜೆ ನರ್ಸ್ ಬಂದು ಕಿಟಕಿಯ ಕಡೆ ಕೈಮಾಡಿದಳು. "ಏಸಿ ಓಡುದು ಸಾರ್. ಅಂದ ಜನ್ನಲ್ ಮೂಡುಂಗೊ."

ವಿಷ್ಣುಮೂರ್ತಿಯವರು ಎದ್ದು ಹೋದರು. ಅರೆತೆರೆದ ಕದದ ಮೇಲೆ ಕೈಯಿಟ್ಟರು. ಹಿಂತಿರುಗಿ ಮಾಸ್ಕಿನೊಳಗೆ ಏಳುತ್ತ ಬೀಳುತ್ತ ಇದ್ದ ಸೊಸೆಯ ಉಸಿರನ್ನು ನೋಡಿದರು. ನರ್ಸ್ ಬೈಯುತ್ತಿದ್ದ ಹಾಗೆಯೇ ಕದವನ್ನು ಹಿಡಿದು ಪೂರ್ತಿ ತೆರೆದುಬಿಟ್ಟರು.