ಓದದೆ ಹಾಕಿದ ಸೈನು

ನಮ್ಮವ್ವ ದಿನಾ ಸಂಜೆ ಮೊಮ್ಮಗಳು ಸ್ಕೂಲಿನಿಂದ ಬಂದ ಕೂಡಲೇ ಅವಳ ತಲೆ ಮುಟ್ಟಿ ನೋಡುತ್ತಿದ್ದಳು. ಜ್ವರ ನೋಡೋಕಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನೀರು ಚಿಮುಕಿಸಿ ಕ್ರಿಶ್ಚಿಯನ್ ಮಾಡಿಬಿಟ್ಟರೇನೋ ಅಂತ! (ಮೂರನೇ ಕ್ಲಾಸಿನ ಮಕ್ಕಳು ನಲ್ಲಿ ಹತ್ತಿರ ಎಷ್ಟು ನೀರಾಡುತ್ತಾರೆಂದು ನಿಮಗೆ ಗೊತ್ತಲ್ಲ. ವಾರಕ್ಕೆ ಎರಡು ಸಲವಾದರೂ ಅವ್ವನ ಎದೆ ಧಸಕ್ಕೆನ್ನುತ್ತಿತ್ತು.)

ನನಗೆ ಆ ಭಯವಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ಒಳ್ಳೆ ಸ್ಕೂಲ್ ಬೇಕಿತ್ತು, ಸೇರಿಸಿದ್ದೆ. ಪ್ರೇಯರ್ ಹೇಳಿಸಿದರೆ ಹೇಳಿಸಲಿ, ಇಂಗ್ಲಿಷ್ ಬಂದರೆ ಸಾಕು. ನೀವೂ ಹಾಗೇ ತಾನೇ ಸೇರಿಸಿರೋದು?

ಎಡವಟ್ಟಾಗಿದ್ದು ಸ್ಕೂಲ್ ಡೈರಿಯಿಂದ. ನಾನು ಗುಮಾಸ್ತ. ಓದಿ ಸೈನ್ ಹಾಕುವ ಅಭ್ಯಾಸ ಆಫೀಸಿನಲ್ಲೇ ತಪ್ಪಿಹೋಗಿದೆ. ಒಂದು ಕೈಯಲ್ಲಿ ಮಗಳ ಶೂ ಲೇಸು, ಇನ್ನೊಂದರಲ್ಲಿ ಪೆನ್ನು. ಹಾಕಿದೆ. ಶನಿವಾರ ಸಂಜೆ ಅವಳು ಕೇಳಿದಳು, ನಾಳೆ ದೊಡ್ಡಪ್ಪನ ಮನೆಗೆ ಎಷ್ಟು ಗಂಟೆಗೆ ಹೊರಡೋದು ಅಂತ.

ಡೈರಿ ತೆಗೆದು ನೋಡಿದೆ. ಈಸ್ಟರ್‌ಗೆ ಮುಂಚಿನ ಈ ನಲವತ್ತು ದಿನಗಳಲ್ಲಿ ಮಕ್ಕಳೂ ಮನೆಯವರೂ ಮಾತು ಬಿಟ್ಟ ಒಬ್ಬರ ಹತ್ತಿರ ಹೋಗಿ ರಾಜಿಯಾಗಬೇಕು, ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ ಎಂದು ಸಿಸ್ಟರ್ ಬರೆದಿದ್ದರು. ಕೆಳಗೆ ಬಿಟ್ಟಿದ್ದ ಖಾಲಿ ಗೆರೆಯಲ್ಲಿ ಮಗಳು ದುಂಡಗೆ ತುಂಬಿದ್ದಳು: ಅಪ್ಪ, ದೊಡ್ಡಪ್ಪನ ಜೊತೆ, ಭಾನುವಾರ. ಅದರ ಕೆಳಗೆ ನನ್ನ ಸೈನು!

ವಿಷಯ ಇಷ್ಟು. ಅವ್ವ ನಮ್ಮಲ್ಲಿರುವುದರಿಂದ ಪಿತೃಪಕ್ಷಕ್ಕೆ ಅಪ್ಪನ ಎಡೆ ನಮ್ಮ ಮನೆಯಲ್ಲೇ. ಧೂಪ ಹಾಕಬೇಕಾದವನು ಹಿರಿಮಗ, ಕ್ಯಾತನಹಳ್ಳಿಯ ನಮ್ಮಣ್ಣ. ಆಚೆ ವರ್ಷ ಆ ದಿನ ಅವನ ಕಬ್ಬಿನ ಗಾಡಿ ಫ್ಯಾಕ್ಟರಿ ಮುಂದೆ ಪಾಳಿಯಲ್ಲಿ ನಿಂತಿತ್ತು. ಮೂರು ಗಂಟೆವರೆಗೆ ಕಾದೆ. ನೆಂಟರು ಗೊಣಗಿದರು, ನನಗೂ ಹಸಿವು. ನಾನೇ ಧೂಪ ಹಾಕಿಬಿಟ್ಟೆ. ಅಣ್ಣ ಮೂರೂವರೆಗೆ ಬಂದ, ಉಂಡೆದ್ದ ಎಲೆಗಳನ್ನು ನೋಡಿದ, ಹಾಗೇ ತಿರುಗಿ ಹೋದ. ಆಮೇಲೆ ಮಾತಿಲ್ಲ. ಹೋದ ವರ್ಷ ಎರಡು ಮನೆಯಲ್ಲಿ ಎರಡು ಎಡೆ. ಅವ್ವ ಎಲ್ಲೂ ಉಣ್ಣಲಿಲ್ಲ.

ಮಗಳಿಗೆ ಏನೇನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. "ಹಂಗಾದ್ರೆ ಸುಳ್ ಸೈನ್ ಹಾಕಿದ್ಯಾ ಅಪ್ಪ?" ಎಂದಳು. ಒಳಗಿದ್ದ ಅವ್ವನಿಗೂ ಅದು ಕೇಳಿಸಿತ್ತು. ಬೆಳಿಗ್ಗೆ ನೋಡಿದರೆ ಅವಳೇ ಮೊಮ್ಮಗಳಿಗೆ ಜಡೆ ಹೆಣೆದು ರೆಡಿ ಮಾಡಿದ್ದಳು.

ಭಾನುವಾರದ ಟೀವಿ ಸೀರಿಯಲ್ ಬಿಟ್ಟು ನಾನೂ ಮಗಳೂ ಸ್ಕೂಟರ್ ಹತ್ತಿದೆವು. ಪಾಂಡವಪುರ ದಾಟಿದ ಮೇಲೆ ಸ್ಕೂಟರನ್ನು ಬೇಕಂತಲೇ ನಿಧಾನ ಮಾಡಿದೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರೆ? ಅವ್ವನಿಗೆ ಏನಂತ ಹೇಳಲಿ?

ಅಣ್ಣ ಕೊಟ್ಟಿಗೆ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ನನ್ನನ್ನು ನೋಡಿ ಮತ್ತೆ ಹಸುವಿನ ಕಡೆಗೇ ತಿರುಗಿದ. ದಾರಿಯುದ್ದ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅವತ್ತು ನಾನು ಕಾಯ್ಬೇಕಿತ್ತು ಕಣಣ್ಣ. ತಪ್ಪಾಯ್ತು" ಎಂದೆ.

ಅವನು ಬಕೆಟ್ ಕೆಳಗಿಟ್ಟ. "ಪಾಳಿ ಬುಟ್ಟು ಬಂದಿದ್ದೆ ಕಣ್ಲಾ ಅವತ್ತು, ಅಪ್ಪಂಗೆ ಧೂಪ ಆಕ್ಬೇಕು ಅಂತ."

ಅದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಈ ಸಲವಾದರೂ ಕಾಯುತ್ತೀಯಾ ಎಂದು ಅವನೇ ಕೇಳಿದ. ಕತ್ತಲಾದರೂ ಕಾಯುತ್ತೇನೆ ಎಂದೆ. "ಸರಿ, ಕೈಕಾಲ್ ತೊಳ್ಕೊ ನಡಿ. ಉಂಡ್ಕಂಡ್ ಓಗಿವ್ರಂತೆ."

ಉಸ್ಸಪ್ಪಾ! ಅತ್ತಿಗೆ ಹಾಕಿದ ಮುದ್ದೆಯನ್ನು ಹೊಟ್ಟೆ ಬಿರಿಯ ಉಂಡೆ. ಬರೋ ಪಿತೃಪಕ್ಷಕ್ಕೆ ಅವ್ವ ಇಬ್ಬರು ಮಕ್ಕಳ ಜೊತೆ ಕೂತು ಉಣ್ಣುತ್ತಾಳೆ. ಅದಕ್ಕಿಂತ ನನಗೆ ಇನ್ನೇನು ಬೇಕು?

ಪೇರೆಂಟ್ಸ್ ಮೀಟಿಂಗಿನಲ್ಲಿ ಹೆಡ್ ಸಿಸ್ಟರ್ 'ಮಕ್ಕಳ ಆಧ್ಯಾತ್ಮಿಕ ಬೆಳವಣಿಗೆ' ಎಂದಾಗಲೆಲ್ಲ ಆಕಳಿಸಿದವನು ನಾನು. ಮಗಳು ಈಗಲೂ ಕೈ ಮುಗಿಯೋದು ನಮ್ಮ ಕರಿಘಟ್ಟದ ಸ್ವಾಮಿಗೇ. ಆದರೆ ಹೇಳಿದ್ದನ್ನು ಮಾಡಬೇಕು ಅನ್ನೋದನ್ನು ಅವಳಿಗೆ ನಾನಂತೂ ಕಲಿಸಿರಲಿಲ್ಲ.

ವಾಪಸ್ ಬರುವಾಗ ಸ್ಕೂಟರಿನ ಮುಂದೆ ನಿಂತಿದ್ದವಳು ತಿರುಗಿ ಕೇಳಿದಳು: "ಎರಡೇ ನಿಮಿಷದ ಕೆಲಸ ಅಲ್ವೇನಪ್ಪಾ, ಒಂದೂವರೆ ವರ್ಷ ಏನ್ಮಾಡ್ತಿದ್ದೆ?"